ಕಾರ್ಡ್ ಫುಲ್, ಗೋಡೆ ಖಾಲಿ

ಫ್ರೀಮಾಂಟೋ ಸನ್ನಿವೇಲೋ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೊರಟವರು ಒಂದು ವಿಷಯ ಮೊದಲೇ ವಿಚಾರಿಸಿಕೊಂಡಿರುವುದು ಒಳ್ಳೆಯದು. ಆ ಮನೆಯ ಯಜಮಾನರಿಗೆ ಫೋಟೋ ಹುಚ್ಚು ಇದೆಯೇ? ಇದ್ದರೆ ಬಿಸಿಬೇಳೆಬಾತ್ ಆರಿದ ಮೇಲೆಯೇ ಬಾಯಿಗೆ ಬರುವುದು. ಮೊದಲು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಬೂಂದಿ ಉದುರಿಸಿ, ನಾಲ್ಕು ದಿಕ್ಕಿನಿಂದ ತೆಗೆಯಬೇಕು. ಅಷ್ಟರಲ್ಲಿ 75 ಇಂಚಿನ ಟಿವಿಯಲ್ಲಿ ಕಳೆದ ಬೇಸಿಗೆಯ ಯೆಲ್ಲೋಸ್ಟೋನ್ ಪ್ರವಾಸ ಶುರುವಾಗಿರುತ್ತದೆ. ಒಂದು ಬೈಸನ್. ಅದೇ ಬೈಸನ್, ಸ್ವಲ್ಪ ಎಡಕ್ಕೆ ತಿರುಗಿದ್ದು. ಅದೇ ಬೈಸನ್, ಬಾಲ ಎತ್ತಿದ್ದು. ಅತಿಥಿಗಳು ಆಕಳಿಸಿದರೆ, "ಇದು ಬೇರೆ ಲೆನ್ಸು" ಎಂಬ ವಿವರಣೆ ಬರುತ್ತದೆ.

ಇದನ್ನೆಲ್ಲ ಮೊದಲೇ ಊಹಿಸಿದವರು ಇದ್ದರು. 1975ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು ಮೂರೂವರೆ ಕೆಜಿ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕು. ಒಂದು ಕ್ಯಾಸೆಟ್ಟಿಗೆ 30 ಚಿತ್ರ ಸಾಕು ಎಂದು ಅವರು ಮಿತಿ ಹಾಕಿದ್ದರು; ಫಿಲ್ಮ್ ರೋಲಿನಲ್ಲಿ 24 ಇಲ್ಲವೇ 36 ಇರುತ್ತಿದ್ದ ಕಾಲವದು. ತೆಗೆದ ಚಿತ್ರ ನೋಡಬೇಕಾದರೆ ಟಿವಿಗೆ ಜೋಡಿಸಬೇಕಿತ್ತು. ತಮ್ಮ ಫೋಟೋಗಳನ್ನು ಟಿವಿಯಲ್ಲಿ ಯಾರು ತಾನೇ ನೋಡಲು ಇಷ್ಟಪಡುತ್ತಾರೆ ಎಂದು ಕಂಪನಿಯ ದೊಡ್ಡವರು ಸಂಶಯಪಟ್ಟರಂತೆ. ಆ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಜಗತ್ತು ನಕ್ಕಿತು. ಆದರೆ ತಣ್ಣಗಾದ ಬಾತಿನ ಮುಂದೆ ಕೂತ ಅತಿಥಿಗಳನ್ನು ಕೇಳಿದರೆ, ದೊಡ್ಡವರು ಹೇಳಿದ್ದು ಸರಿಯಾಗಿಯೇ ಇತ್ತು ಎನ್ನುತ್ತಾರೆ.

ಹಳೆಯ ತಲೆಮಾರಿನವರು ಸಂಭಾವಿತರೆಂದು ಇದರ ಅರ್ಥವಲ್ಲ. 1965ರ ವಲಸೆ ಕಾನೂನಿನ ನಂತರ ಅಮೆರಿಕ ಸೇರಿದ ಡಾಕ್ಟರು, ಇಂಜಿನಿಯರುಗಳು ಮೊದಲು ಊರಿಗೆ ಕಳಿಸುತ್ತಿದ್ದುದು ಕಾರಿಗೆ ಒರಗಿ ನಿಂತ ಫೋಟೋ. ಎರಡನೆಯದು ಹಿಮದಲ್ಲಿ ನಿಂತದ್ದು. ರಜೆಗೆ ಬಂದಾಗ ಕೆಲವರು ಸ್ಲೈಡ್ ಪ್ರೊಜೆಕ್ಟರನ್ನೇ ಹೊತ್ತು ತರುತ್ತಿದ್ದರು. 110 ವೋಲ್ಟಿನ ಯಂತ್ರ 220ಕ್ಕೆ ಸುಟ್ಟುಹೋಗದಂತೆ ಟ್ರಾನ್ಸ್‌ಫಾರ್ಮರ್ ಹುಡುಕಿ, ನಡುಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದವರನ್ನೆಲ್ಲ ಕರೆದು ನಯಾಗರಾ ತೋರಿಸುತ್ತಿದ್ದರು. ಪುಣ್ಯಕ್ಕೆ, ಕೊಡ್ಯಾಕ್ ಕ್ಯಾರೊಸೆಲ್ ಪ್ರೊಜೆಕ್ಟರಿನ ಸಾಮಾನ್ಯ ತಟ್ಟೆಗೆ ಹಿಡಿಯುತ್ತಿದ್ದುದು 80 ಸ್ಲೈಡು. ತಟ್ಟೆ ಒಂದು ಸುತ್ತು ಬಂದರೆ ದೀಪ ಹಾಕಿ ಕಾಫಿ ಕೊಡುತ್ತಿದ್ದರು.

ಈಗ ಸುತ್ತು ಮುಗಿಯುವುದೇ ಇಲ್ಲ.

ಇಂದಿನ ಒಳ್ಳೆಯ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯಬಲ್ಲದು. 45 ಮೆಗಾಪಿಕ್ಸೆಲಿನ ಒಂದು ರಾ ಫೈಲ್, ಅಂದರೆ ಸಂಸ್ಕರಿಸದ ಮೂಲ ಚಿತ್ರ, ಸುಮಾರು 50 ಎಂಬಿ. ಮಗಳು ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದ ಬತ್ತಿ ಆರಿಸಲು ಮೂರು ಸೆಕೆಂಡು ತೆಗೆದುಕೊಂಡರೆ 60 ಚಿತ್ರ, 3 ಜಿಬಿ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್ ತನ್ನ ಮಿತಿಯಿಲ್ಲದ ಉಚಿತ ಸೇವೆ ನಿಲ್ಲಿಸಿ 15 ಜಿಬಿ ಮಾತ್ರ ಉಳಿಸಿತು. ಅಂದರೆ ಐದು ಬಾರಿ ಕೇಕು ಕತ್ತರಿಸಿದರೆ ಮುಗಿಯಿತು, ಅದರಲ್ಲೇ ಜಿಮೇಲೂ ಬದುಕಬೇಕು. ಫ್ಲಿಕರ್ ಎಂಬ ತಾಣ 2013ರಲ್ಲಿ ಒಂದು ಟೆರಾಬೈಟ್ ಜಾಗ ಧರ್ಮಕ್ಕೆ ಕೊಟ್ಟಿತ್ತು. 2019ರಲ್ಲಿ ಅದೂ ಸಾವಿರ ಚಿತ್ರಕ್ಕೆ ಬೇಲಿ ಹಾಕಿತು. ಹೀಗಾಗಿ ಚಿತ್ರಗಳು ಹಾರ್ಡ್ ಡಿಸ್ಕಿಗೆ ಹೋಗುತ್ತವೆ. ಬಲ್ಲವರ ನಿಯಮದಂತೆ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದು ಮನೆಯ ಹೊರಗಿರಬೇಕು. ಅದೇ ಬೈಸನ್ ಮೂರು ಕಡೆ ಬಾಲ ಎತ್ತಿಕೊಂಡು ನಿಂತಿರುತ್ತದೆ. ಫೋಲ್ಡರುಗಳ ಹೆಸರು ನೋಡಿದರೆ ಸಂಸಾರದ ಸ್ಥಿತಿ ತಿಳಿಯುತ್ತದೆ: 'ಯೊಸೆಮಿಟಿ ಫೈನಲ್', 'ಯೊಸೆಮಿಟಿ ಫೈನಲ್ 2', 'ಇದೇ ಫೈನಲ್', 'ಆಮೇಲೆ ನೋಡೋದು'. ಕೊನೆಯದೇ ಎಲ್ಲಕ್ಕಿಂತ ದೊಡ್ಡದು.

ಯೊಸೆಮಿಟಿಯ ಮಾತು ಬಂತಲ್ಲ. ಅಲ್ಲಿನ ಎಲ್ ಕ್ಯಾಪಿಟನ್ ಬಂಡೆಯ ಪೂರ್ವದ ಅಂಚಿನಿಂದ ಹಾರ್ಸ್‌ಟೇಲ್ ಎಂಬ ಸಣ್ಣ ಜಲಪಾತ ಬೀಳುತ್ತದೆ. ಫೆಬ್ರವರಿಯ ಮಧ್ಯದಿಂದ ಕೊನೆಯವರೆಗೆ, ಮುಳುಗುವ ಸೂರ್ಯನ ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ನೀರು ಕೆಂಡದಂತೆ ಹೊಳೆಯುತ್ತದೆ. ಹಾಗಾಗಲು ಮೇಲೆ ಹಿಮ ಕರಗಿ ನೀರಿರಬೇಕು, ಪಡುವಣ ಆಕಾಶ ತಿಳಿಯಾಗಿರಬೇಕು. ಎಲ್ಲ ಕೂಡಿಬಂದರೂ ಕೆಲವೇ ನಿಮಿಷ. ಇದಕ್ಕಾಗಿ ಬೇ ಏರಿಯಾದಿಂದ ನಾಲ್ಕು ತಾಸು ಕಾರು ಓಡಿಸಿ, ಮಧ್ಯಾಹ್ನವೇ ಹಿಮದಲ್ಲಿ ಟ್ರೈಪಾಡ್ ನೆಟ್ಟು ಕಾಯುವವರ ಸಾಲಿನಲ್ಲಿ ಕನ್ನಡವೂ ಕೇಳಿಸುತ್ತದೆ. ಕಾರಿನೊಳಗೆ ಹೆಂಡತಿ, ಮಕ್ಕಳು, ಡಬ್ಬಿಯಲ್ಲಿ ಚಿತ್ರಾನ್ನ. "ರೀ, ಇನ್ನೂ ಎಷ್ಟು ಹೊತ್ತು?" "ಇನ್ನೇನು, ಬಂತು." ಬಂದದ್ದು ಮೋಡ. ಆದರೂ ಕಾರ್ಡ್ ತುಂಬುವಷ್ಟು ಬಂಡೆಯ ಚಿತ್ರ ಆಗುತ್ತದೆ. ಇಷ್ಟು ದೂರ ಬಂದು ಬರಿಗೈಲಿ ಹೋಗುವುದುಂಟೇ?

ಅವುಗಳಲ್ಲಿ ಹತ್ತು ಚಿತ್ರ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. 50 ಎಂಬಿಯ ಚಿತ್ರ ಅಲ್ಲಿ ಕೆಲವು ನೂರು ಕೆಬಿಗೆ ಕುಗ್ಗಿ, ಚಿಕ್ಕಮ್ಮ ಕಳಿಸಿದ ಶುಭೋದಯದ ಗುಲಾಬಿಗೂ ಮಾವ ಕಳಿಸಿದ ಮಂಡಿನೋವಿನ ಮನೆಮದ್ದಿಗೂ ನಡುವೆ ಕೂರುತ್ತದೆ. 2023ರ ಆಗಸ್ಟಿನಿಂದ ಎಚ್‌ಡಿ ಎಂಬ ಗುಂಡಿ ಬಂದಿದೆ. ಅದನ್ನು ಒತ್ತಿ ಕಳಿಸಿದರೂ ಮೈಸೂರಿನಲ್ಲಿರುವ ಅಮ್ಮನ ಉತ್ತರ ಬದಲಾಗಿಲ್ಲ. "ಬರೀ ಬಂಡೆ ಕಳಿಸಿದೀಯಲ್ಲೋ, ಮಗು ಎಲ್ಲೋ?"

ಅಮ್ಮನಿಗೆಂದೇ ಹೋದ ಸಲ ಡಿಜಿಟಲ್ ಫ್ರೇಮ್ ತಂದುಕೊಟ್ಟದ್ದಾಗಿದೆ. ಮಗ ಅಲ್ಲಿಂದ ಕಳಿಸಿದ್ದು ಇಲ್ಲಿ ತಾನಾಗಿ ಮೂಡಬೇಕು. ಆದರೆ ಅಮ್ಮ ರಾತ್ರಿ ಮಲಗುವಾಗ ಗ್ಯಾಸು, ಗೀಸರು, ವೈಫೈ ಎಲ್ಲವನ್ನೂ ಆರಿಸುವವರು. ಬೆಳಿಗ್ಗೆ ಎದ್ದು ಗೀಸರ್ ಹಾಕುತ್ತಾರೆ. ವೈಫೈ ಸಂಜೆ ಧಾರಾವಾಹಿಗೆ ಸಾಕು. ಫ್ರೇಮಿನ ಮೇಲೆ ಕ್ರೋಷಾ ಹೊದಿಕೆ ಬಂದಿದೆ. ಅದರ ಪಕ್ಕದಲ್ಲೇ ಕಟ್ಟು ಹಾಕಿಸಿದ ಒಂದು ಫೋಟೋ ಇದೆ: ಮೊಮ್ಮಗಳು ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿರುವುದು. ಪಕ್ಕದ ಬೀದಿಯ ಸ್ಟುಡಿಯೋದವನು ವಾಟ್ಸಾಪಿನಿಂದಲೇ ಇಳಿಸಿ ಹಾಕಿಕೊಟ್ಟದ್ದು, ಅಂಚು ಸ್ವಲ್ಪ ಮಸುಕು. ಆ ಫೋಟೋ ಸೊಸೆ ಅಡುಗೆಮನೆಯಲ್ಲಿ ಫೋನಿನಿಂದ ತೆಗೆದದ್ದು.

ಸಂಸಾರಕ್ಕೆ ನಿಜವಾಗಿ ಬೇಕಾಗುವ ಚಿತ್ರ ಬಂದಾಗ ಈ ಕಲೆಯ ಪರೀಕ್ಷೆ ಆಗುತ್ತದೆ. ಹುಟ್ಟಿದ ಕೂಸಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಬೇಕು: ಎರಡು ಇಂಚು ಚೌಕ, ಹಿನ್ನೆಲೆ ಬಿಳಿ. ಸಾಗರೋತ್ತರ ಭಾರತೀಯರಿಗೆ ಭಾರತ ಕೊಡುವ ಒಸಿಐ ಕಾರ್ಡಿಗೂ ಅದೇ ಚೌಕ, ಆದರೆ ಹಿನ್ನೆಲೆ ತಿಳಿ ಬಣ್ಣದ್ದು, ಬಿಳಿ ಮಾತ್ರ ಕೂಡದು. ಒಂದೇ ಕೂಸು, ಎರಡು ಸರ್ಕಾರ. ಬಿಳಿ ಬಟ್ಟೆ ಹಾಸಿ ಮಗುವನ್ನು ಅದರ ಮೇಲೆ ಮಲಗಿಸಿ ತೆಗೆಯಬಹುದೆಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಹದ್ದು ಮೀನು ಹಿಡಿಯುವ ಕ್ಷಣವನ್ನು ಹಿಡಿದ ಮಹಾನುಭಾವರು ಕುರ್ಚಿ ಹತ್ತಿ ಬಗ್ಗುತ್ತಾರೆ. ಕೂಸು ಅಳುತ್ತದೆ, ಆಕಳಿಸುತ್ತದೆ, ತಲೆ ತಿರುಗಿಸಿ ನಿದ್ದೆ ಹೋಗುತ್ತದೆ. ಬಟ್ಟೆಯ ಮೇಲೆ ನೆರಳು. ನೆರಳು ಹೋದರೆ ಅಜ್ಜಿಯ ಬಳೆಕೈ. ಕಡೆಗೆ ಹತ್ತಿರದ ಔಷಧಿ ಅಂಗಡಿಯ ಹುಡುಗಿ ಎರಡೇ ಕ್ಲಿಕ್ಕಿನಲ್ಲಿ ಮುಗಿಸಿ ಬಿಲ್ಲು ಕೊಡುತ್ತಾಳೆ.

ಕನ್ನಡ ಕೂಟದಲ್ಲಿ ಮಾತ್ರ ಇವರಿಗೆ ರಾಜಮರ್ಯಾದೆ. ಯುಗಾದಿ, ರಾಜ್ಯೋತ್ಸವ, ದೀಪಾವಳಿ ಎಲ್ಲದಕ್ಕೂ ಬಿಟ್ಟಿ ಫೋಟೋಗ್ರಾಫರ್. ಶಾಲೆಯ ಸಭಾಂಗಣದ ಹಳದಿ ದೀಪದಲ್ಲಿ ಎಲ್ಲರೂ ಅರಿಶಿನ ಶಾಸ್ತ್ರಕ್ಕೆ ಕೂತವರಂತೆ ಕಾಣುತ್ತಾರೆ. ಅದನ್ನು ತಿದ್ದಲು ಎರಡು ವಾರದ ರಾತ್ರಿ ಬೇಕು. ಎರಡನೆಯ ದಿನದಿಂದಲೇ ತಗಾದೆ ಶುರು: "ಸಾರ್, ಲಿಂಕ್ ಯಾವಾಗ?" ಲಿಂಕ್ ಬಂದಾಗ ಪ್ರತಿಯೊಬ್ಬರೂ ನೋಡುವುದು ತಮ್ಮ ಫೋಟೋ, ತಮ್ಮ ಮಗುವಿನ ಫೋಟೋ. "ನಮ್ಮ ಮಗಳು ಕೋಲಾಟದಲ್ಲಿ ಹಿಂದಿನ ಸಾಲಿನಲ್ಲಿದ್ದಳು, ಬಿದ್ದೇ ಇಲ್ಲ" ಎಂಬ ದೂರು ತಪ್ಪಿದ್ದಲ್ಲ. ಮುಖ ಗುರುತಿಸುವ ತಂತ್ರಾಂಶ ತನ್ನ ಪಾಲಿನ ಕಿಡಿಯನ್ನೂ ಹಾಕುತ್ತದೆ. ಅತ್ತೆ, ಸೊಸೆ ಇಬ್ಬರನ್ನೂ ಪಕ್ಕಪಕ್ಕ ತೋರಿಸಿ, ಇವರು ಒಬ್ಬರೇನಾ ಬೇರೆಯೇನಾ ಎಂದು ಕೇಳಿದರೆ ಮನೆಯ ನೆಮ್ಮದಿ ಏನಾಗಬೇಕು?

ಸಮಾಧಾನದ ಮಾತೆಂದರೆ ಈ ಕಾಯಿಲೆ ದೊಡ್ಡವರನ್ನೂ ಬಿಟ್ಟಿಲ್ಲ. ನ್ಯೂಯಾರ್ಕಿನ ಬೀದಿಗಳನ್ನು ಸೆರೆಹಿಡಿದ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ಫಿಲ್ಮ್ ರೋಲುಗಳು ತೊಳೆಯದೆ ಉಳಿದಿದ್ದವು. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದ ವಿವಿಯನ್ ಮೇಯರ್ ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿಟ್ಟುಹೋದರು. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೆಯೇ ಅವರ ಚಿತ್ರಗಳು ಲೋಕದ ಕಣ್ಣಿಗೆ ಬಿದ್ದದ್ದು. ಈ ಎರಡೂ ಕಥೆ ನಮ್ಮ ಯಜಮಾನರಿಗೆ ಬಾಯಿಪಾಠ. "ನೋಡು, ಮುಂದೆ ಯಾರಾದರೂ..." ಎಂದು ಅವರು ಶುರು ಮಾಡಿದರೆ ಹೆಂಡತಿ ಕೇಳುವುದು ಒಂದೇ: "ಪಾಸ್‌ವರ್ಡ್ ಯಾರಿಗೆ ಕೊಟ್ಟಿದೀರಿ?"

ಯೊಸೆಮಿಟಿಯನ್ನೇ ಜೀವಮಾನವಿಡೀ ತೆಗೆದ ಆನ್ಸೆಲ್ ಆಡಮ್ಸ್ ವರ್ಷಕ್ಕೆ ಹನ್ನೆರಡು ಒಳ್ಳೆಯ ಚಿತ್ರ ಸಿಕ್ಕರೆ ಒಳ್ಳೆಯ ಫಸಲೇ ಎನ್ನುತ್ತಿದ್ದರಂತೆ. ಹನ್ನೆರಡೆಂದರೆ ಲೆಕ್ಕಕ್ಕೆ ಸರಿಯಾಗಿ ಒಂದು ಕ್ಯಾಲೆಂಡರ್. ಡಿಸೆಂಬರಿನಲ್ಲಿ ಅನೇಕ ಕನ್ನಡ ಮನೆಗಳಲ್ಲಿ ಅದು ಅಚ್ಚಾಗುತ್ತದೆ: ಯುಗಾದಿ, ಗೌರಿ ಹಬ್ಬ, ಅಜ್ಜಿಯ ಹುಟ್ಟುಹಬ್ಬ ಗುರುತು ಹಾಕಿದ್ದು. ವರ್ಷದ ಸಾವಿರಾರು ಚಿತ್ರಗಳಲ್ಲಿ ಗೋಡೆಗೆ ಬರುವ ಭಾಗ್ಯ ಈ ಹನ್ನೆರಡಕ್ಕೆ. ಯಾವುದು ಬರಬೇಕೆಂದು ಯಜಮಾನರು ತೀರ್ಮಾನಿಸಿದರೆ ಹನ್ನೊಂದು ಬಂಡೆ. ಮಕ್ಕಳಿಗೆ ಬಿಟ್ಟರೆ ಹನ್ನೊಂದು ನಾಯಿ. ಮನೆಯಾಕೆ ಆರಿಸಿದ ವರ್ಷ ಮಾತ್ರ ಅದು ಮೈಸೂರಿನಲ್ಲಿ ಒಂಟಿಕೊಪ್ಪಲ್ ಪಂಚಾಂಗದ ಪಕ್ಕದಲ್ಲಿ ಮೊಳೆ ಕಂಡದ್ದು.

ಆ ಹನ್ನೆರಡರಲ್ಲಿ ಹುಡುಕಿದರೂ ಸಿಗದ ಮುಖ ಒಂದೇ, ಕ್ಯಾಮೆರಾ ಹಿಡಿದವರದು. ಮಕ್ಕಳ ಬಾಲ್ಯದಲ್ಲಿ ಅಪ್ಪ ಎಂದರೆ ಹುಲ್ಲಿನ ಮೇಲೆ ಬಿದ್ದ ಒಂದು ಉದ್ದನೆಯ ನೆರಳು. ಆದ್ದರಿಂದ ಸಾರ್, ಈ ವಾರ ಒಂದು ಉಪಕಾರ ಮಾಡಿ. ಕ್ಯಾಮೆರಾ ಮಗಳ ಕೈಗೆ ಕೊಟ್ಟು ಹೆಂಡತಿಯ ಪಕ್ಕ ನಿಲ್ಲಿ. ಫೋಕಸ್ ತಪ್ಪಿದರೆ ತಪ್ಪಲಿ. ಅದನ್ನು ನಾಲ್ಕು ಆರು ಇಂಚಿಗೆ ಅಚ್ಚು ಹಾಕಿಸಿ, ಮೂಲೆಯ ಅಂಗಡಿಯಲ್ಲಿ ಅರ್ಧ ಡಾಲರಿನ ಆಸುಪಾಸಿಗೆ ಅದೇ ದಿನ ಸಿಗುತ್ತದೆ. ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆದು ಊರಿಗೆ ಅಂಚೆಗೆ ಹಾಕಿ. ಅಮ್ಮ ಕಟ್ಟು ಹಾಕಿಸಿಕೊಳ್ಳುತ್ತಾರೆ.