ಮೀನಮೇಷದ ಲೆಕ್ಕ

ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಮೀನಮೇಷ ಎಣಿಸಿದವರಿಗೆ ಗಾಡಿ ಸಿಗುವುದಿಲ್ಲ. ಫಾಸ್ಟ್ ಲೋಕಲ್ ಅರ್ಧ ನಿಮಿಷ ನಿಂತರೆ ಹೆಚ್ಚು. ಅಷ್ಟರೊಳಗೆ ಹತ್ತಿದವರು ಹತ್ತಿದರು, ಉಳಿದವರು ಇಂಡಿಕೇಟರ್ ನೋಡುತ್ತ ಉಳಿದರು. ಇನ್ನು ಪಳಗಿದವರ ದಾರಿಯೇ ಬೇರೆ: ಹೋಗಬೇಕಾದದ್ದು ಸಿಎಸ್‌ಎಂಟಿಗಾದರೂ ಮೊದಲು ಕಲ್ಯಾಣದ ಗಾಡಿ ಹತ್ತಿ, ಅದೇ ಗಾಡಿ ತಿರುಗಿ ಹೊರಟಾಗ ಕಿಟಕಿ ಪಕ್ಕ ಠೀವಿಯಿಂದ ಕೂತು ಬರುತ್ತಾರೆ. ಇಂಥ ಮುಹೂರ್ತ ಯಾವ ಜೋಯಿಸರಿಗೂ ಹೊಳೆದಿರಲಿಕ್ಕಿಲ್ಲ.

ಜೋಯಿಸರ ಮಾತು ಬಂತಲ್ಲ. ಒಳ್ಳೆಯ ಗಳಿಗೆ ಹುಡುಕುವಾಗ ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಹೋಗುತ್ತದೆ. ನಾಲ್ಕು ಬೆರಳಿಗೆ 12 ಗೆಣ್ಣು, 12 ರಾಶಿ. ಎದುರು ಕೂತವನಿಗೆ ಉಸಿರು ಬಿಗಿ. ಈ ಎಣಿಕೆಯೇ ನಮ್ಮ ನುಡಿಗಟ್ಟಿನ ತಾಯಿ. ಆದರೆ ರಾಶಿಚಕ್ರ ಮೇಷದಿಂದ ಶುರುವಾಗಿ ಮೀನಕ್ಕೆ ಮುಗಿಯುತ್ತದೆ. ಮಾತಿನಲ್ಲಿ ಮಾತ್ರ ಮೀನ ಮುಂದು, ಮೇಷ ಹಿಂದು. ನನಗನ್ನಿಸುವುದು ಇಷ್ಟೆ: ಮೀನಕ್ಕೆ ಬಂದು ಮುಟ್ಟಿದ ಮೇಲೂ ಎದ್ದು ಹೊರಡದೆ, ಇನ್ನೊಮ್ಮೆ ನೋಡೋಣವೆಂದು ಮೇಷದಿಂದ ತೊಡಗಿದವನನ್ನು ಕಂಡೇ ಯಾರೋ ಹಾಗೆ ಅಂದಿರಬೇಕು.

ಆಕಾಶಕ್ಕೂ ಈ ಚಾಳಿ ತಪ್ಪಿದ್ದಲ್ಲ. ಹಿಂದೆ ಮೇಷದಲ್ಲಿದ್ದ ವಸಂತ ವಿಷುವದ ಬಿಂದು ಮೆಲ್ಲಗೆ ಹಿಂದೆ ಸರಿದು ಈಗ ಮೀನದಲ್ಲಿದೆ. ಹಗಲಿರುಳು ಸಮವಾಗುವುದು ಮಾರ್ಚ್ 20ರ ಹೊತ್ತಿಗೆ, ಆದರೆ ಆ ವಿಷುವದ್ದೇ ಹೆಸರು ಹೊತ್ತ ಬಿಸು ಹಬ್ಬಕ್ಕೆ ನಮ್ಮ ಕರಾವಳಿಯವರು ಕಣಿ ನೋಡುವುದು ಏಪ್ರಿಲ್ ನಡುವಿಗೆ.

ಹಿಂದಿಯ ‘ಮೀನ್‌ಮೇಖ್’ಗೆ ಅರ್ಥ ಬೇರೆ, ಅದು ಕೊಂಕು ಹುಡುಕುವ ಕೆಲಸ. ಕಟ್ಟಡ ಕೆಡವಿ ಹೊಸದು ಕಟ್ಟಿಸುವ ವಿಷಯ ಬಂದಾಗ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಎರಡೂ ನಡೆಯುತ್ತವೆ. ಬಿಲ್ಡರ್ ಕಾಗದದ ಮೇಲೆ ಮೊದಲು ಹಿಂದಿಯದು, ಸಹಿ ಹಾಕುವಾಗ ಕನ್ನಡದ್ದು.

ಇದೆಲ್ಲಕ್ಕಿಂತ ದೊಡ್ಡದು ನಿವೃತ್ತರಾದವರದು. ಲೋಕಲ್ಲಿಗೆ ಚಿರತೆಯಂತೆ ಹಾರುತ್ತಿದ್ದ ರಾಯರು, ಊರಿಗೆ ಹೋಗಿ ನೆಲೆಸುವ ಮಾತೆತ್ತಿದರೆ ಬೆರಳು ಮಡಚತೊಡಗುತ್ತಾರೆ. ಮಗಳ ಮದುವೆಯೊಂದು ಆಗಲಿ. ಮೊಮ್ಮಗು ಶಾಲೆಗೆ ಸೇರಲಿ. ಈ ಮಳೆಗಾಲ ಕಳೆಯಲಿ. ಮನೆಯಾಕೆ ಒಂದೇ ಮಾತು ಕೇಳುತ್ತಾರೆ: “ಅಲ್ಲಿ ಸಂಜೆ ಮೇಲೆ ಮಾತಾಡೋಕೆ ಯಾರಿದ್ದಾರೆ?” ಲೆಕ್ಕ ಮತ್ತೆ ಮೇಷಕ್ಕೆ.

ಅಂಥವರಿಗೆ ಒಂದು ಸೂಚನೆ. ಕುರ್ಲಾದಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಠಾಣೆಯಲ್ಲಿ ನಿಲ್ಲುತ್ತದೆ, ಹೆಸರಿನಲ್ಲೇ ಮೀನಿದೆ. ನೆಲೆಸುವ ಮಾತು ಆಮೇಲೆ, ಮೊದಲು ಹೋಗಿ ಬನ್ನಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ.