ಪರದೇಶಿ ಪ್ರವಾಸಿಗೆ ಕರವಿನಾಯಿತಿ: ಒಂದು ಮೀಮಾಂಸೆ

ವಿಷಯವು ಇದು: ವಿದೇಶಿ ಪ್ರವಾಸಿಯನ್ನು ಸೆಳೆಯಲು ಸರ್ಕಾರ ತೆರಿಗೆ ಬಿಡಬೇಕೋ ಬೇಡವೋ. ಸಂಶಯ ಹಣಕಾಸು ಇಲಾಖೆಯದು, ಪೂರ್ವಪಕ್ಷ ಅಂಗಡಿಯವರದು, ಸಿದ್ಧಾಂತ ಯಥಾಪ್ರಕಾರ ನಮ್ಮದು.

ಪ್ರಮಾಣಗಳಲ್ಲಿ ಮೊದಲನೆಯದು ಅರ್ಥಶಾಸ್ತ್ರ. ಪರದೇಶದ ಸರಕು ತರುವ ನಾವಿಕರಿಗೂ ಸಾರ್ಥವಾಹರಿಗೂ ಸುಂಕದಲ್ಲಿ ರಿಯಾಯಿತಿ ಕೊಡಬೇಕೆಂದು ಕೌಟಿಲ್ಯ ವಿಧಿಸಿದ್ದಾನೆ. (ಅದು ತರುವವರ ಮಾತು, ಒಯ್ಯುವವರದಲ್ಲ ಎಂಬ ಕುತರ್ಕವನ್ನು ಕಿವಿಗೆ ಹಾಕಿಕೊಳ್ಳತಕ್ಕದ್ದಲ್ಲ.) ಈ ಗ್ರಂಥದ ತಾಳೆಗರಿ 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತಾದ್ದರಿಂದ, ಸದರಿ ರಿಯಾಯಿತಿಯ ಕಡತ ಅಲ್ಲಿಯವರೆಗೆ ಪೆಂಡಿಂಗ್ ಇತ್ತೆಂದು ಊಹಿಸಬಹುದು.

ಎರಡನೆಯ ಪ್ರಮಾಣ ಅಬ್ದುಲ್ ರಜಾಕ್. 1443ರಲ್ಲಿ ವಿಜಯನಗರಕ್ಕೆ ಬಂದ ಈ ಪರ್ಷಿಯದ ರಾಯಭಾರಿಗೆ ಅರಮನೆಯಿಂದ ದಿನಾ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ. ಇದು ವಿನಾಯಿತಿಯಲ್ಲ, ಸಬ್ಸಿಡಿ ಎಂಬ ಆಕ್ಷೇಪ ಸಾಧುವೇ. ಆದರೆ ಕೋಳಿ ತಿಂದವರು ಬರೆದ ಹೊಗಳಿಕೆಯನ್ನು ನಮ್ಮ ಇತಿಹಾಸದ ಪುಸ್ತಕಗಳು ಇಂದಿಗೂ ಉದ್ಧರಿಸುತ್ತವೆ. ಅಷ್ಟು ಅಗ್ಗದ ಜಾಹೀರಾತು ಮತ್ತೆ ಸಿಕ್ಕಿಲ್ಲ.

ಈಗ ಆಧುನಿಕ ಶಾಸ್ತ್ರ. 2017ರ ಐಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಮೀರದಂತೆ ತಂಗಲು ಬಂದ ಪ್ರವಾಸಿ ಇಲ್ಲಿ ಕೊಂಡು ದೇಶದಾಚೆ ಒಯ್ಯುವ ಸರಕಿನ ತೆರಿಗೆ ವಾಪಸ್. ಸರಕಿಗೆ ಮಾತ್ರ. ತಿಂದ ಮಸಾಲೆ ದೋಸೆಯೂ ದೇಹರೂಪದಲ್ಲಿ ಗಡಿ ದಾಟುತ್ತದೆಂಬ ವಾದಕ್ಕೆ ಮಾನ್ಯತೆಯಿಲ್ಲ. ಇನ್ನೂ ಸೂಕ್ಷ್ಮವಾದದ್ದು 8ನೇ ಸೆಕ್ಷನ್. ಮೈಸೂರಿನ ಅಂಗಡಿಯಲ್ಲಿ ನಿಂತು, ಸೆರಗಿನ ಜರಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವ ಜರ್ಮನಿಯ ಹೆಂಗಸಿಗೆ ಮಾಡಿದ ಮಾರಾಟ ರಾಜ್ಯದೊಳಗಿನದ್ದಲ್ಲ ಎನ್ನುತ್ತದೆ ಅದು. ಜಗತ್ತು ಮಿಥ್ಯೆ ಎಂದ ಶಂಕರರಿಗೆ ಜಿಎಸ್‌ಟಿ ಬಿಲ್ಲಿನ ಆಸರೆಯೂ ಇರಲಿಲ್ಲ. ಮಾಯೆ ಗಟ್ಟಿಯಾಗುವುದು ಮುಂದೆ: 8ನೇ ಸೆಕ್ಷನ್ 2017ರ ಜುಲೈ 1ರಂದು ಜಾರಿಗೆ ಬಂತು, 15ನೆಯದನ್ನು ಆ ಅಧಿಸೂಚನೆಯಲ್ಲಿ ಸೇರಿಸಲೇ ಇಲ್ಲ. ಹೀಗಾಗಿ ಆಕೆ ಕೊಂಡದ್ದು ರಾಜ್ಯದ ಹೊರಗೆ, ಕಟ್ಟಿದ ತೆರಿಗೆ ಮಾತ್ರ ಒಳಗೆ. ವಾಪಸಾತಿಯ ಫಾರಂ ಕೇಳಿದರೆ ಅಂಗಡಿಯವರು "ಕಾಫಿ ತಗೊಳ್ತೀರಾ ಮೇಡಂ?" ಅನ್ನುತ್ತಾರೆ.

ವಿನಾಯಿತಿ ಕೊಡದಿದ್ದರೆ ಪ್ರವಾಸಿ ಬೇರೆ ಊರಿಗೆ ಹೋಗುತ್ತಾನೆ, ಲಂಡನ್ ನೋಡಿ, ಎಂಬುದು ಪೂರ್ವಪಕ್ಷ. ನೋಡೋಣ. ಅಲ್ಲಿಯ ಅಂಗಡಿಗಳಲ್ಲಿದ್ದ ವ್ಯಾಟ್ ವಾಪಸಾತಿಯನ್ನು 2021ರ ಜನವರಿಯಲ್ಲಿ ನಿಲ್ಲಿಸಿದರು, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೊಡುತ್ತೇವೆಂದರು, ಅಕ್ಟೋಬರಿನಲ್ಲಿ ಇಲ್ಲವೆಂದರು. ನಾವು ಕೊಟ್ಟೇ ಇಲ್ಲವಾದ್ದರಿಂದ ಕಿತ್ತುಕೊಂಡ ಅಪಕೀರ್ತಿ ನಮಗಿಲ್ಲ.

ಸಿದ್ಧಾಂತಕ್ಕೆ ಹಂಪಿಗೆ ಹೋಗಬೇಕು. ವಿಠಲ ದೇವಸ್ಥಾನದ ಕೌಂಟರಿನಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ವ್ಯತ್ಯಾಸ 560. ರೇಷ್ಮೆ ಸೀರೆಯ ಜಿಎಸ್‌ಟಿ ಶೇ 5. ಆದ್ದರಿಂದ 15ನೇ ಸೆಕ್ಷನ್ ಎಂದಾದರೂ ಎಚ್ಚೆತ್ತ ಪಕ್ಷದಲ್ಲಿ, 11,200 ರೂಪಾಯಿಯ ಸೀರೆ ಕೊಂಡವರಿಗೆ ಕಲ್ಲಿನ ರಥದ ಬಳಿ ಹೋದದ್ದು ವಿಮಾನ ನಿಲ್ದಾಣದಲ್ಲಿ ಸರಿಹೋಗುತ್ತದೆ. ಅದಕ್ಕಿಂತ ಅಗ್ಗದ್ದು ಕೊಂಡರೆ ಲಾಭ ಬೊಕ್ಕಸಕ್ಕೆ, ದುಬಾರಿಯದಾದರೆ ಪ್ರವಾಸಿಗೆ. ಸಾರ್ಕ್ ದೇಶಗಳವರಿಗೂ ಟಿಕೆಟ್ 40 ರೂಪಾಯಿಯೇ ಆದ್ದರಿಂದ, ಭೂತಾನಿನವರು ಯಾವ ಸೀರೆಯನ್ನೂ ಕೊಳ್ಳಬೇಕಾಗಿಲ್ಲ.