ಹರಿಹರದ ನೌಕಾಶಾಸ್ತ್ರ: ಒಂದು ದುಂಡು ಪ್ರಬಂಧ

ದಾವಣಗೆರೆಯಿಂದ ಅರಬ್ಬೀ ಸಮುದ್ರಕ್ಕೆ ನೇರ ಗೆರೆ ಎಳೆದರೂ 150 ಕಿ.ಮೀ.ಗೆ ಕಮ್ಮಿಯಿಲ್ಲ. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಷ್ಟು ಸಣ್ಣ ಕಾರಣಕ್ಕೆ ಈ ಸೀಮೆಗೆ ನೌಕಾಪರಂಪರೆಯೇ ಇಲ್ಲವೆಂದು ವಿದ್ವಾಂಸರು ಇಷ್ಟು ದಿನ ಕೈತೊಳೆದುಕೊಂಡಿದ್ದರು. ಆ ಅನ್ಯಾಯ ಸರಿಪಡಿಸಲು ದಾವಣಗೆರೆಯ ಸಂಶೋಧಕರೊಬ್ಬರು ಟೊಂಕ ಕಟ್ಟಿದ್ದಾರೆ. ‘ಹೊತ್ತೊಯ್ಯಬಲ್ಲ ಕಿರುನೌಕೆಗಳು ಹಾಗೂ ಆಸರೆಯುಳ್ಳ ದ್ವೀಪಜಲ: ಹರಿಹರ ಕೇಂದ್ರಿತ ಅಧ್ಯಯನ’ ಎಂಬ ಅವರ ಪ್ರಬಂಧಕ್ಕೆ ಯಾರೂ ಪದವಿ ಕೊಟ್ಟಿಲ್ಲ. ಅವರೂ ಕೇಳಿಲ್ಲ.

ಶಾಸ್ತ್ರದ ಕ್ರಮದಂತೆ ಮೊದಲು ಪೂರ್ವಪಕ್ಷ. ಪಾಶ್ಚಾತ್ಯರ ವಾದ ಹೀಗಿದೆ: ದೋಣಿಯನ್ನು ವರ್ಷವಿಡೀ ಬಂದರಿನಲ್ಲಿ ಕಟ್ಟಿದರೆ ಬಾಡಿಗೆ ತೆರಬೇಕು. ಆದ್ದರಿಂದ ಇಪ್ಪತ್ತಡಿ ಆಸುಪಾಸಿನ ಹಾಯಿದೋಣಿ, ಒಳಗೆ ಕಾಲು ಮಡಚಿ ಮಲಗುವಷ್ಟು ಜಾಗ, ಬೇಕೆಂದಾಗ ಮೇಲಕ್ಕೆತ್ತಿಕೊಳ್ಳುವ ಅಡಿಹಲಗೆ. ಕಾರಿನ ಹಿಂದೆ ಟ್ರೈಲರ್ ಮೇಲಿಟ್ಟು ಎಳೆದುಕೊಂಡು ಹೋಗಿ, ದ್ವೀಪಗಳು ಅಡ್ಡನಿಂತು ಅಲೆ ತಡೆಯುವಂಥ ಕಡೆ ನೀರಿಗಿಳಿಸಿದರಾಯಿತು. ಅಮೆರಿಕದ ಮ್ಯಾಕ್‌ಗ್ರೆಗರ್ 26 ಎಂಬ ದೋಣಿ ನೀರಿಗಿಳಿದ ಮೇಲೆ ಹೊಟ್ಟೆಯೊಳಗೆ ನೀರು ತುಂಬಿಸಿಕೊಂಡು ಭಾರವಾಗುತ್ತದೆ, ದಡ ಹತ್ತುವಾಗ ಅದನ್ನು ಕಕ್ಕಿ ಹಗುರಾಗುತ್ತದೆ. ಇಂಗ್ಲೆಂಡಿನ ಡ್ರ್ಯಾಸ್ಕೊಂಬ್ ಲಗ್ಗರ್ ಎಂಬ ಹದಿನೆಂಟು ಚಿಲ್ಲರೆ ಅಡಿಯ ತೆರೆದ ದೋಣಿಯಲ್ಲಿ ವೆಬ್ ಚೈಲ್ಸ್ ಎಂಬಾತ 1978ರಲ್ಲಿ ಕ್ಯಾಲಿಫೋರ್ನಿಯಾದಿಂದ ಹೊರಟು ಪೆಸಿಫಿಕ್ ಸಾಗರವನ್ನೇ ದಾಟಿದ. ‘ಆಸರೆಯ ನೀರು’ ಅಂದರೆ ಏನೆಂದು ಆತನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಇನ್ನು ಸಿದ್ಧಾಂತ. ಇವೆಲ್ಲ ನಮ್ಮ ದುಂಡು ಬುಟ್ಟಿದೋಣಿ ಹರಿಗೋಲಿನ ದುಬಾರಿ ನಕಲುಗಳು.

ಮೊದಲ ಸಾಕ್ಷಿ ಭಾಷೆಯದು. ಹರಿಗೋಲಿನ ‘ಹರಿ’ಯೂ ಹರಿಹರದ ‘ಹರಿ’ಯೂ ಒಂದೇ ಎನ್ನುತ್ತಾರೆ ಸಂಶೋಧಕರು. ಹಾಗಾದರೆ ಹರ ಎಲ್ಲಿ ಹೋದ ಎಂದು ಕೇಳಿದವರಿಗೆ ‘ಹರಗೋಲು’ ಎಂಬ ಪಾಠಾಂತರ ತೋರಿಸಿ ಬಾಯಿ ಮುಚ್ಚಿಸಿದ್ದಾರೆ. ದಾವಣಗೆರೆಯ ಹೆಸರಿಗೆ ಊರವರು ಹೇಳುವ ಕತೆಯಲ್ಲಿ ಚಾಲುಕ್ಯರ ಕುದುರೆಗಳು ಕೆರೆ ದಡದಲ್ಲಿ ದಣಿವಾರಿಸಿಕೊಳ್ಳುತ್ತವೆ. ಸಂಶೋಧಕರಿಗೆ ಅದು ಒಪ್ಪಿಗೆಯಿಲ್ಲ. ದಾವಣಿ ಅಂದರೆ ಕಟ್ಟುವ ಹಗ್ಗ, ಕೆರೆ ಅಂದರೆ ಕೆರೆ. ಹಗ್ಗದಲ್ಲಿ ಕೆರೆಗೆ ಕಟ್ಟಿಹಾಕುವುದು ದೋಣಿಯನ್ನಲ್ಲದೆ ಕುದುರೆಯನ್ನೇ? ಸ್ಥಳಪುರಾಣದ ಪ್ರಕಾರ ಹರಿಹರದಲ್ಲಿ ಗುಹಾಸುರನೆಂಬ ರಾಕ್ಷಸನಿದ್ದ. ರಾಮನನ್ನು ಹೊಳೆ ದಾಟಿಸಿದವನೂ ಗುಹ. ಅವನು ಗಂಗೆಯ ಕಡೆಯವನಲ್ಲವೇ ಎಂಬ ಆಕ್ಷೇಪವನ್ನು ‘ವರ್ಗಾವಣೆ’ ಎಂಬ ಒಂದೇ ಪದದಲ್ಲಿ ತಳ್ಳಿಹಾಕಲಾಗಿದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯೇ ದೊಡ್ಡ ಪುರಾವೆಯಂತೆ: ಒಂದರ್ಧ ದೇವರಿಗೆ ಕ್ಷೀರಸಾಗರದ ಅನುಭವ, ಇನ್ನರ್ಧದ ಮುಡಿಯಲ್ಲೇ ಹೊಳೆ. ಕಡಲಿಲ್ಲ ಎಂದವರು ಯಾರು?

ಎರಡನೇ ಸಾಕ್ಷಿಗೆ ಪರದೇಶದವರೇ ಸಹಿ ಹಾಕಿದ್ದಾರೆ. ಗ್ರೀಕರ ಹೆರೊಡೊಟಸ್ ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಬ್ಯಾಬಿಲೋನಿನ ದುಂಡನೆಯ ತೊಗಲುದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿ ದೋಣಿಯಲ್ಲೂ ಸರಕಿನ ಜೊತೆಗೊಂದು ಕತ್ತೆ. ಊರು ಮುಟ್ಟಿದ ಮೇಲೆ ಚೌಕಟ್ಟು ಮಾರಿ, ತೊಗಲನ್ನು ಅದೇ ಕತ್ತೆಯ ಬೆನ್ನಿಗೆ ಹೇರಿ ನಡೆದುಕೊಂಡು ವಾಪಸ್, ಏಕೆಂದರೆ ಸೆಳವಿಗೆದುರಾಗಿ ಹೋಗಲಾಗದು. ಜಗತ್ತಿನ ಮೊದಲ ಟ್ರೈಲರ್ ಆ ಕತ್ತೆ. ಹರಿಹರದ ಹೊಳೆಯಾದ ನಮ್ಮ ತುಂಗಭದ್ರೆಯ ಮೇಲೆಯೇ ಕೆಳಗಡೆ ವಿಜಯನಗರದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಂಥದ್ದೇ ದೋಣಿ ಕಂಡ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದು ಎಂದು ಬರೆದ. ನೆಟ್ಟಗೆ ಹೋಗದೆ ಸದಾ ಗಿರಗಿರ ತಿರುಗುತ್ತದೆ ಎಂಬ ದೂರನ್ನೂ ಸೇರಿಸಿದ. ಐನೂರು ವರ್ಷವಾಯಿತು, ಆ ದೂರು ಇನ್ನೂ ಇತ್ಯರ್ಥವಾಗಿಲ್ಲ.

ಈಗ ಕ್ಷೇತ್ರಕಾರ್ಯ. ಸಂಶೋಧಕರು ಹದಿನಾಲ್ಕು ಕಿ.ಮೀ. ಬಸ್ಸಿನಲ್ಲಿ ಹೋಗಿ ಹರಿಹರದ ಹೊಳೆದಂಡೆಯಲ್ಲಿ ಬೆಳ್ಳಂಬೆಳಿಗ್ಗೆ ನಿಂತರು. ದೂರದಲ್ಲಿ ದೊಡ್ಡದೊಂದು ಕರಿ ಆಮೆ ಎರಡು ಕಾಲಿನ ಮೇಲೆ ನಡೆದು ಬರುತ್ತಿತ್ತು. ಹತ್ತಿರ ಬಂದಾಗ ಅದು ಹರಿಗೋಲು ಬೋರಲು ಹೊತ್ತ ಮೀನುಗಾರ. ಅವನ ಹಿಂದೆ ಬಂದವನದು ಟಿ.ವಿ.ಎಸ್. ಮೊಪೆಡ್ಡಿಗೆ ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದಿತ್ತು. ಸೀಳಿದ ಬಿದಿರು ದಬ್ಬೆಯ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ತೊಗಲಿನ ಕಾಲ ಮುಗಿದಿದೆ. ಗೊಬ್ಬರದ ಚೀಲದ ಅಕ್ಷರಗಳು ಡಾಂಬರಿನಡಿ ಅಲ್ಲಲ್ಲಿ ಇಣುಕುತ್ತಿದ್ದವು. ಸಂಶೋಧಕರು ಅದನ್ನು ಶಾಸನವೆಂದು ನಕಲು ಮಾಡಿಕೊಂಡರು.

“ಇದರ ಡ್ರಾಫ್ಟ್ ಎಷ್ಟಪ್ಪಾ?” ಎಂದು ಕೇಳಿದರು. ದೋಣಿಯ ತಳ ನೀರಿನೊಳಗೆ ಎಷ್ಟು ಇಳಿಯುತ್ತದೆ ಎಂಬುದು ಪ್ರಶ್ನೆ.

“ಯಾವ ಬ್ಯಾಂಕಿಂದ್ರೀ ಸಾರ್?” ಎಂದ ಮೀನುಗಾರ.

ಗೇಣು ನೀರಿದ್ದರೂ ಹರಿಗೋಲು ತೇಲುತ್ತದೆ ಎಂಬುದನ್ನು ಆಮೇಲೆ ಸಂಶೋಧಕರೇ ಕಂಡುಕೊಂಡರು. ಎತ್ತಿಕೊಳ್ಳಲು ಅಡಿಹಲಗೆಯೇ ಇಲ್ಲ. ಅದಿಲ್ಲದ್ದರಿಂದಲೇ ಹಾಯಿಯೂ ಕೂಡದು: ಪಕ್ಕಕ್ಕೆ ಜಾರುವುದನ್ನು ತಡೆಯಲು ನೀರಿನೊಳಗೆ ಏನಾದರೂ ಹಿಡಿದಿದ್ದರೆ ತಾನೇ ಅಡ್ಡಗಾಳಿ ಮುಂದಕ್ಕೆ ನೂಕುವುದು? ಇದನ್ನು ನಂಬದೆ ಸಂಶೋಧಕರು ನಡುಹೊಳೆಯಲ್ಲಿ ಕೊಡೆ ಬಿಚ್ಚಿದರು. ಹರಿಗೋಲು ಏಳು ಸುತ್ತು ತಿರುಗಿತು. ‘ದಿಕ್ಸೂಚಿಯ ನೆರವಿಲ್ಲದೆ ಎಂಟು ದಿಕ್ಕುಗಳ ಏಕಕಾಲಿಕ ವೀಕ್ಷಣೆ’ ಎಂದು ಪ್ರಬಂಧದಲ್ಲಿ ದಾಖಲಾಗಿದೆ. ಅಂದು ಹರಿಗೋಲಿನ ತಳದಲ್ಲಿ ನಿಂತ ನೀರನ್ನು ‘ಮ್ಯಾಕ್‌ಗ್ರೆಗರ್ ಪದ್ಧತಿ’ ಎಂದು ಕರೆದಿದ್ದಾರೆ. ಮೀನುಗಾರ ಅದನ್ನು ಪ್ಲಾಸ್ಟಿಕ್ ಮಗ್ಗಿನಲ್ಲಿ ಎತ್ತಿ ಚೆಲ್ಲುತ್ತಿದ್ದ. ಬುತ್ತಿಯ ಮಂಡಕ್ಕಿ ಅಷ್ಟರಲ್ಲಿ ತೇಲುತ್ತಿತ್ತು. ಮುಳುಗದ ಆಹಾರವನ್ನು ಕಂಡುಹಿಡಿದ ಊರಿಗೆ ನೌಕಾಪರಂಪರೆ ಇಲ್ಲವೆನ್ನಲು ನಾಲಿಗೆ ಹೇಗೆ ಬರುತ್ತದೆ ಎಂಬುದು ಅವರ ಪ್ರಶ್ನೆ.

ಯಾನದ ವ್ಯಾಪ್ತಿಯನ್ನೂ ಕಡೆಗಣಿಸುವಂತಿಲ್ಲ. ಆಚೆ ದಡದ ಕುಮಾರಪಟ್ಟಣಂ ಈಗ ಹಾವೇರಿ ಜಿಲ್ಲೆ. 1956ರ ನವೆಂಬರ್ 1ರವರೆಗೆ ಅದು ಮುಂಬಯಿ ರಾಜ್ಯ, ಸ್ವಾತಂತ್ರ್ಯಕ್ಕೆ ಮುಂಚೆ ಬ್ರಿಟಿಷರ ಮುಂಬಯಿ ಪ್ರಾಂತ. ಈಚೆ ದಡ ಮೈಸೂರು ಮಹಾರಾಜರದು. ಹಾಗಾಗಿ ಹರಿಹರದ ಅಂಬಿಗ ತಾತ ಎಲೆಯಡಿಕೆ ಮೆಲ್ಲುತ್ತಾ ದಿನಕ್ಕೆ ಹತ್ತು ಸಲ ವಿದೇಶಯಾನ ಮಾಡುತ್ತಿದ್ದ. ಚೈಲ್ಸ್ ಮಾಡಿದ್ದು ಒಂದೇ ಸಲ ಎಂದು ಪ್ರಬಂಧ ಚುಚ್ಚುತ್ತದೆ.

ಪ್ರಬಂಧವನ್ನು ಅಂಬಿಗರ ಚೌಡಯ್ಯನಿಗೆ ಅರ್ಪಿಸುವ ಯೋಚನೆಯಿತ್ತು. ಹೊಳೆಗುಂಟ ಕೆಳಗೆ ಹೋದರೆ ಅವನ ಚೌಡದಾನಪುರ ಸಿಗುತ್ತದೆ. ಆದರೆ ಹನ್ನೆರಡನೇ ಶತಮಾನದ ಆ ಶರಣ ಡಾಂಭಿಕರನ್ನು ಕಂಡರೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದನೆಂಬುದು ನೆನಪಾಗಿ, ಸಂಶೋಧಕರು ಅರ್ಪಣೆಯ ಪುಟವನ್ನು ತಾವೇ ಹರಿದುಹಾಕಿದರು. ಇಡೀ ಕೃತಿಯಲ್ಲಿ ವಿದ್ವತ್ತು ಕಾಣುವುದು ಇಲ್ಲೊಂದೇ ಕಡೆ.

ಉಳಿದದ್ದು ದ್ವೀಪಗಳ ಸಂಗತಿ. ಬೇಸಿಗೆಯಲ್ಲಿ ಹರಿಹರದ ಹೊಳೆಯ ತುಂಬ ದ್ವೀಪಗಳೇ, ನೀರನ್ನು ಮಾತ್ರ ಹುಡುಕಬೇಕು. ವರ್ಷವಿಡೀ ನೀರು ಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರಕ್ಕೆ, ಅಂದರೆ ಸೂಳೆಕೆರೆಗೆ, ಹೋಗುವುದು ಮೇಲು. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಹೆಚ್ಚು ಉದ್ದವಿಲ್ಲದ ಏರಿ ಹಾಕಿ ನಿಲ್ಲಿಸಿದ ಆ ನೀರು ಕಣ್ಣಳತೆಗೆ ಸಿಗದಷ್ಟು ಹರಡಿದೆ, ಸುತ್ತಲ ಗುಡ್ಡವೇ ಆಸರೆ.

ಹರಿಗೋಲು ನೋಡಲು ಹರಿಹರಕ್ಕೆ ಬರುವವರು ಏಪ್ರಿಲ್‌ನಲ್ಲಿ ಬರಬೇಡಿ, ಹೊಳೆ ಇರುವುದಿಲ್ಲ. ಆಗಸ್ಟಿನಲ್ಲೂ ಬೇಡ, ಹೊಳೆಯೇ ನಿಮ್ಮನ್ನು ನೋಡಲು ಊರೊಳಗೆ ಬಂದಿರಬಹುದು. ದೀಪಾವಳಿ ಕಳೆದ ಮೇಲೆ, ಬೆಳಿಗ್ಗೆ ಆರು ಗಂಟೆಯೊಳಗೆ ಬನ್ನಿ. ಈಜು ಬಾರದವರು ಲೈಫ್ ಜಾಕೆಟ್ ನೀವೇ ತನ್ನಿ, ಹರಿಗೋಲಿನಲ್ಲಿ ಅದನ್ನು ಇಟ್ಟಿರುವುದಿಲ್ಲ. ಕೊಡೆ ಮನೆಯಲ್ಲೇ ಇರಲಿ.